ಎಂಟುನೂರಕ್ಕೊಂದು ಟರ್ಬೊ

ಸೊರಬದ ಅಡಿಕೆ ತೋಟದ ಹುಡುಗನಿಗೆ ಹಳೇ ಮಾರುತಿ 800 ಸಿಕ್ಕಿದ್ದೇ ತಡ, ಟರ್ಬೊ ಹುಚ್ಚು ಹತ್ತಿತು. 796 ಸಿಸಿ, ಮೂರು ಸಿಲಿಂಡರು, 37 ಅಶ್ವಶಕ್ತಿ. ಅದರಲ್ಲೂ ಕೆಲವು ಕುದುರೆ ಮುದಿಯಾಗಿರುತ್ತವೆ ಬಿಡಿ.

"ಟರ್ಬೊ ಕೂರಿಸಣ್ಣ."

ಶಿಕಾರಿಪುರದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. "ಕೂರಿಸಬಹುದು ಮಾರಾಯ. ಆಮೇಲೆ ಎಂಜಿನ್ನೂ ಕೂತುಬಿಡುತ್ತೆ!"

ಮಾತು ಸುಳ್ಳಲ್ಲ. ಎಂಜಿನ್ ಉಗುಳುವ ಬಿಸಿಹೊಗೆಯ ರಭಸಕ್ಕೆ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊ, ಸಿಲಿಂಡರಿಗೆ ಗಾಳಿ ತುರುಕುತ್ತದೆ. ತಕ್ಕಷ್ಟು ಪೆಟ್ರೋಲು, ಆಯಿಲು, ಕೂಲಿಂಗು ಇಲ್ಲದಿದ್ದರೆ ನಾಕಿಂಗ್ ಶುರುವಾಗಿ ಪಿಸ್ಟನ್ನೇ ಹೋದೀತು. 1905ರಲ್ಲಿ ಟರ್ಬೊಗೆ ಪೇಟೆಂಟ್ ಪಡೆದ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ ಪುಣ್ಯವಂತ, ಮಾರುತಿ ಬರುವ ಮೊದಲೇ ತೀರಿಕೊಂಡ. ಗಾಡಿಯನ್ನು ಹೀಗೆ ಮಾರ್ಪಡಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಕರಾರು ಬೇರೆ.

ಮೆಕ್ಯಾನಿಕ್ ಏರ್ ಫಿಲ್ಟರ್ ಬದಲಿಸಿ, ನಾಲ್ಕೂ ಟೈರಿಗೆ ಗಾಳಿ ಹೊಡೆದು ಕೀ ಕೊಟ್ಟ. "ಜಾಸ್ತಿ ಗಾಳಿ ಬೇಕು ಅಂದ್ಯಲ್ಲ, ಹಾಕಿದೀನಿ. ಶಿರಾಳಕೊಪ್ಪದ ಮೇಲೆ ಆರಾಮಾಗಿ ಹೋಗು."