ಒಂದೇ ಗೀರಿಗೆ ನಾಲ್ಕು ಸಲ ದುಡ್ಡು

ಗುಂಡ್ಲುಪೇಟೆ ಕಡೆಯಿಂದ ಬಂಡೀಪುರದ ಕಾಡು ಹಾದು ಕಕ್ಕನಹಳ್ಳದ ಚೆಕ್‌ಪೋಸ್ಟ್ ಮುಟ್ಟಿದವರಿಗೆಲ್ಲ ಗೊತ್ತು, ಅಲ್ಲಿ ಮೊದಲ ಪ್ರಶ್ನೆ ಪ್ಲಾಸ್ಟಿಕ್ಕಿನದು. ನೀರಿನ ಬಾಟಲಿ ಇಳಿಸಿ, ಚೀಲ ತೋರಿಸಿ, ಡಿಕ್ಕಿ ತೆಗೆಯಿರಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನೀಲಗಿರಿ ಜಿಲ್ಲೆಯೊಳಗೆ ಜಾಗವಿಲ್ಲ. ಆನೆ, ಕಾಟಿಗಳ ಹೊಟ್ಟೆಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕಾನೂನು ಬೇರೆ ಬೇಕಿಲ್ಲ. ಆದರೆ ಇದೇ ರಸ್ತೆಯಲ್ಲಿ ದಶಕಗಳ ಕಾಲ ಇನ್ನೊಂದು ಜಾತಿಯ ಪ್ಲಾಸ್ಟಿಕ್ಕು ರಾಜಾರೋಷವಾಗಿ ಘಾಟಿ ಹತ್ತಿತು. ವಿಡಿಯೊ ಕ್ಯಾಸೆಟ್ಟು, ವಿಸಿಡಿ, ಡಿವಿಡಿ, ಬ್ಲೂ-ರೇ. ಮನೆಯ ಯಂತ್ರ ನಡೆಯುವ ತನಕ ಅದು ಸಿನಿಮಾ, ಯಂತ್ರ ಕೆಟ್ಟ ಮರುದಿನ ಕಸ. ಅದನ್ನು ಒಮ್ಮೆ ಬಳಸಿ ಬಿಸಾಡುವ ಮಾಲು ಅಂತ ಯಾವ ಕಲೆಕ್ಟರೂ ಗುರುತಿಸಲಿಲ್ಲ. ಡಬ್ಬಿಯ ಮೇಲೆ ರಾಜ್‌ಕುಮಾರ್ ಫೋಟೊ ಇದ್ದರೆ ಹೇಗೆ ಗುರುತಿಸುತ್ತಾರೆ?

ಈ ಸಿನಿಮಾ ಪ್ಲಾಸ್ಟಿಕ್ಕಿನ ವಿಷಯದಲ್ಲಿ ಊಟಿಗೆ ಬುದ್ಧಿ ಹೇಳುವ ಯೋಗ್ಯತೆ ದೇಶದ ಬೇರೆ ಯಾವ ಊರಿಗೂ ಇಲ್ಲ. ಯಾಕೆಂದರೆ ಫಿಲ್ಮು ನೋಡುವ ಊರುಗಳು ಸಾವಿರ, ಫಿಲ್ಮನ್ನೇ ತಯಾರಿಸಿದ ಊರು ಇದೊಂದು. ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಂಪನಿ 1960ರಲ್ಲಿ ಹುಟ್ಟಿ 1967ರಲ್ಲಿ ಉತ್ಪಾದನೆ ಶುರುಮಾಡಿತು. ಧೂಳಿಲ್ಲದ ಗಾಳಿ, ತಂಪು ಹವೆ ಬೇಕೆಂದು ಕಾರ್ಖಾನೆಯನ್ನು ಬೆಟ್ಟದ ಮೇಲೆ ಕಟ್ಟಿದರು, ತಂತ್ರಜ್ಞಾನವನ್ನು ಫ್ರಾನ್ಸಿನಿಂದ ತಂದರು, ಸುತ್ತ ಹುಟ್ಟಿದ ಬಡಾವಣೆಗೆ ಬ್ರ್ಯಾಂಡಿನ ಹೆಸರನ್ನೇ ಇಟ್ಟು ಇಂದುನಗರ ಅಂದರು. ಎಕ್ಸ್-ರೇ ಫಿಲ್ಮು, ಕ್ಯಾಮೆರಾ ರೋಲು, ಕಪ್ಪು-ಬಿಳುಪಿನ ಸಿನಿಮಾ ಫಿಲ್ಮು ಎಲ್ಲ ಇಲ್ಲೇ ಆಗುತ್ತಿತ್ತು. ಅಷ್ಟರಲ್ಲಿ ಜಗತ್ತು ಬಣ್ಣಕ್ಕೆ ತಿರುಗಿತು, ಆಮೇಲೆ ಡಿಜಿಟಲ್ಲಿಗೆ ತಿರುಗಿತು. ಕಂಪನಿ ತೊಂಬತ್ತರ ದಶಕದಲ್ಲಿ ರೋಗಗ್ರಸ್ತ ಉದ್ಯಮಗಳ ಪಟ್ಟಿಗೆ ಸೇರಿತು, ವರ್ಷಗಟ್ಟಲೆ ನರಳಿತು, ಕೊನೆಗೆ ಕೇಂದ್ರ ಸರ್ಕಾರ ಸ್ವಯಂನಿವೃತ್ತಿಯ ಪ್ಯಾಕೇಜು ಕೊಟ್ಟು ಕಾರ್ಮಿಕರನ್ನು ಮನೆಗೆ ಕಳಿಸಿತು. ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ ಅಂತ ಅರ್ಥಶಾಸ್ತ್ರಜ್ಞರು ಷರಾ ಬರೆದರು.

ಕಾಲಕ್ಕೆ ತಕ್ಕಂತೆ ಬದಲಾದವರ ಗತಿ ಏನಾಯಿತು ಅನ್ನುವುದಕ್ಕೆ ನಮ್ಮ ಭಾವ ಇದ್ದಾರೆ.

ಭಾವ ಅಂಚೆ ಇಲಾಖೆಯಿಂದ ನಿವೃತ್ತರು, ಊಟಿಯಲ್ಲೇ ಮನೆ. ಎಪ್ಪತ್ತರ ದಶಕದ ಒಂದು ಕನ್ನಡ ಸಿನಿಮಾ ಅಂದರೆ ಅವರಿಗೆ ಪ್ರಾಣ. ಹೆಸರು ಹೇಳುವುದಿಲ್ಲ, ಅಭಿಮಾನಿಗಳು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಗೂಡಲೂರಿನಲ್ಲಿ ಕೆಲಸದಲ್ಲಿದ್ದಾಗ ಟಿವಿ, ಡೆಕ್ಕು ಎರಡನ್ನೂ ಒಂದು ರಾತ್ರಿಗೆ ಬಾಡಿಗೆ ತಂದು, ಬೀದಿಯವರನ್ನೆಲ್ಲ ಕೂರಿಸಿ, ಬೆಳಗಾಗುವುದರೊಳಗೆ ಮೂರು ಸಿನಿಮಾ ಮುಗಿಸುತ್ತಿದ್ದರು. ಮೂರರಲ್ಲಿ ಒಂದು ಇದೇ. ಆಮೇಲೆ ಸ್ವಂತ ಡೆಕ್ಕು ಕೊಂಡರು, ಕ್ಯಾಸೆಟ್ಟನ್ನೂ ಕೊಂಡರು. ಗೂಡಲೂರಿನ ಮಳೆಗಾಲ ಟೇಪಿಗೆ ಬೂಷ್ಟು ಹಿಡಿಸಿತು, ಬೂಷ್ಟು ಡೆಕ್ಕಿನ ಹೆಡ್ಡಿಗೆ ಹತ್ತಿತು, ಎರಡೂ ಒಟ್ಟಿಗೆ ತೀರಿಕೊಂಡವು.

ವಿಸಿಡಿ ಬಂತು. ಒಂದು ಡಿಸ್ಕಿನಲ್ಲಿ ಹಿಡಿಯುವುದು ಸುಮಾರು 74 ನಿಮಿಷ, ನಮ್ಮ ಸಿನಿಮಾ ಎರಡೂವರೆ ಗಂಟೆ. ಹೀಗಾಗಿ ನಾಯಕ ಖಳನ ಕಾಲರ್ ಹಿಡಿದ ಕೂಡಲೇ ಪರದೆ ನೀಲಿಯಾಗುತ್ತಿತ್ತು. ಭಾವ ಎದ್ದು ಡಿಸ್ಕ್ ಬದಲಿಸಿ ಬಂದು ಕೂರುವ ತನಕ ಖಳನಿಗೆ ಜೀವದಾನ. ಚಿತ್ರವೋ 352 ಬಿಂದು ಅಗಲ, 288 ಬಿಂದು ಎತ್ತರ. ನಾಯಕಿಯ ಮೂಗುತಿ ಎರಡು ಬಿಂದುವಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಡಿವಿಡಿ ಬಂತು, 720ಕ್ಕೆ 576. ಭಾವ ಮತ್ತೆ ಕೊಂಡರು. ಈ ಸಲ ಇಡೀ ಮನೆಯವರನ್ನು ಕರೆದು, ಕಿಟಕಿಯ ಪರದೆ ಎಳೆದು, ಸಿನಿಮಾ ಹಾಕಿದರು.

ಎರಡನೇ ಹಾಡಿನಲ್ಲಿ ನಾಯಕಿಯ ಎಡಗೆನ್ನೆಯ ಮೇಲೆ ಉದ್ದಕ್ಕೆ ಒಂದು ಗೀರು ಇಳಿಯುತ್ತದೆ. ಕ್ಯಾಸೆಟ್ಟಿನಲ್ಲೂ ಇಳಿದಿತ್ತು, ವಿಸಿಡಿಯಲ್ಲೂ ಇಳಿದಿತ್ತು, ಡಿವಿಡಿಯಲ್ಲೂ ಅದೇ ಗೀರು, ಅದೇ ಕೆನ್ನೆ, ಅದೇ ಕ್ಷಣ. ಕತೆಯಲ್ಲಿ ಉರಿಬಿಸಿಲು, ಪರದೆಯ ಮೇಲೆ ಗೂಡಲೂರು ಕಡೆಯ ದೇವಾಲದ ಜುಲೈ ಮಳೆ. ಒಂದೇ ವ್ಯತ್ಯಾಸ ಅಂದರೆ ಹಿಂದೆ ಗೀರು ಮಸುಕಾಗಿತ್ತು, ಈಗ ಸ್ಪಷ್ಟವಾಗಿದೆ. ಅಂದರೆ ಪ್ರತಿ ಸಲವೂ ಯಾರೂ ನೆಗೆಟಿವ್ ಹುಡುಕಲು ಹೋಗಿಲ್ಲ. ಊರೂರು ಓಡಿ ಸವೆದ ಒಂದು ಪ್ರಿಂಟು ಎಲ್ಲೋ ಕೈಗೆ ಸಿಕ್ಕಿದೆ, ಅದನ್ನೇ ಟೇಪಿಗೆ ಇಳಿಸಿದ್ದಾರೆ, ಅದೇ ಟೇಪನ್ನು ವಿಸಿಡಿಗೆ ಹೊಯ್ದಿದ್ದಾರೆ, ಮಿಕ್ಕಿದ್ದನ್ನು ಡಿವಿಡಿಗೆ ಬಡಿಸಿದ್ದಾರೆ.

ಬ್ಲೂ-ರೇ ಬಂದಾಗ ಭಾವ ಹುಷಾರಾದರು. ಹುಷಾರಾಗಿ ಮೊದಲು ಪ್ಲೇಯರ್ ಕೊಂಡರು. ಅದಕ್ಕೆ ಹಾಕಲು ಬೇರೆ ಸಿನಿಮಾಗಳ ಡಿಸ್ಕು ಸಿಕ್ಕವು, ಅವರ ಸಿನಿಮಾದ್ದು ಮಾತ್ರ ಸಿಗಲಿಲ್ಲ. ಆದ್ದರಿಂದ ಅದರಲ್ಲಿ ಹಳೆಯ ಡಿವಿಡಿಯನ್ನೇ ಹಾಕಿ, ‘ಈಗ ಪರವಾಗಿಲ್ಲ, ಚೆನ್ನಾಗಿ ಕಾಣ್ತಾ ಇದೆ’ ಅಂದರು. ಗೀರಿಗೆ ನಾಲ್ಕನೇ ಸಲ ದುಡ್ಡು ಕೊಟ್ಟದ್ದು ಹೀಗೆ.

ಇಲ್ಲಿ ಒಂದು ಪಂಚಾಂಗದ ವಿಷಯ ಹೇಳಬೇಕು. ಡಿವಿಡಿ ಮಾರುಕಟ್ಟೆಗೆ ಬಂದದ್ದು 1996ರಲ್ಲಿ, ಬ್ಲೂ-ರೇ 2006ರಲ್ಲಿ, 4ಕೆ ಬ್ಲೂ-ರೇ 2016ರಲ್ಲಿ. ಕೇಂದ್ರದ ಐದನೇ ವೇತನ ಆಯೋಗದ ಸಂಬಳ ಜಾರಿಯಾದದ್ದು 1996ರ ಜನವರಿಯಿಂದ, ಆರನೆಯದು 2006ರ ಜನವರಿಯಿಂದ, ಏಳನೆಯದು 2016ರ ಜನವರಿಯಿಂದ. ಜಪಾನಿನ ಕಂಪನಿಗಳು ನಮ್ಮ ಭಾವನ ಸ್ಯಾಲರಿ ಸ್ಲಿಪ್ ನೋಡಿಯೇ ಲೇಸರ್ ಕಿರಣದ ಬಣ್ಣ ಬದಲಿಸುತ್ತಿದ್ದವು ಎಂಬ ಅನುಮಾನ ನನ್ನದು. ಈಗ ಎಂಟನೇ ಆಯೋಗದ ಘೋಷಣೆಯಾಗಿದೆ, ಅತ್ತ ಅಂಗಡಿಯಲ್ಲಿ 8ಕೆ ಟಿವಿ ಬಂದು ನಿಂತಿದೆ. ಪಿಂಚಣಿದಾರರು ಜಾಗ್ರತೆ.

ನಡುವೆ ಒಬ್ಬರು ಮಾತ್ರ ಧರ್ಮಾತ್ಮರಾಗಲು ಹೊರಟಿದ್ದರು. ಮೋಸರ್ ಬೇರ್ ಎಂಬ ದೆಹಲಿಯ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಬೆಲೆ ಇಟ್ಟಿತು. ಕಳ್ಳ ಸಿಡಿಯವನು ಕೂಡ ಇದ್ಯಾವ ಸೀಮೆಯ ಪೈಪೋಟಿ ಅಂತ ಕಂಗಾಲಾದ. 2018ರಲ್ಲಿ ಆ ಕಂಪನಿಯೇ ದಿವಾಳಿ ನ್ಯಾಯಮಂಡಳಿಯಲ್ಲಿ ಲಿಕ್ವಿಡೇಷನ್ನಿಗೆ ಹೋಯಿತು. ಜಗತ್ತಿನ ಕೊನೆಯ ವಿಸಿಆರ್ ತಯಾರಕ, ಜಪಾನಿನ ಫುನಾಯ್, 2016ರಲ್ಲೇ ವಿಸಿಆರ್ ಮಾಡುವುದನ್ನು ನಿಲ್ಲಿಸಿತ್ತು.

ಹಾಗಾದರೆ ಮತ್ತೆ ಕೊಳ್ಳಲೇಬಾರದೆ? ಕೊಳ್ಳಬೇಕು. ಯಾರಾದರೂ ಮೂಲ ನೆಗೆಟಿವ್ ಹುಡುಕಿ, ತೊಳೆದು, ಒಂದೊಂದೇ ಫ್ರೇಮು ಕೂತು ಸರಿಮಾಡಿದ್ದರೆ ಸಾಲ ಮಾಡಿಯಾದರೂ ಕೊಳ್ಳಬೇಕು. ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ (1977) ಹಾಗೆ ಮಾಡಿದ್ದಾರೆ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನು, ಅಮೆರಿಕದ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆ ಸೇರಿ ಅದನ್ನು 4ಕೆಯಲ್ಲಿ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಆ ಸಿನಿಮಾದ ನಾಯಕಿ, ಮಲೆನಾಡಿನ ಯಮುನಕ್ಕ, ಇಟಲಿಯಲ್ಲಿ ಲಕಲಕ ಹೊಳೆದಳು. ನಮ್ಮಲ್ಲಿ ದುಡ್ಡು ಹಾಕುವವರಿಗೆ ಬೇರೆ ಕಸುಬು. ಅವರು ‘ಸತ್ಯ ಹರಿಶ್ಚಂದ್ರ’ಕ್ಕೆ (1965) 2008ರಲ್ಲಿ ಬಣ್ಣ ಬಳಿದು ಬಿಡುಗಡೆ ಮಾಡಿದರು, ‘ಕಸ್ತೂರಿ ನಿವಾಸ’ಕ್ಕೂ (1971) 2014ರಲ್ಲಿ ಅದೇ ಸೇವೆ ಆಯಿತು. ಸುಳ್ಳೇ ಆಡದವನಿಗೆ ಕಂಪ್ಯೂಟರಿನವರು ಪಂಚೆಯ ಬಣ್ಣ ಊಹಿಸಿ ಹಾಕಿದ್ದಾರೆ. ಅವನು ಸತ್ಯಕ್ಕಾಗಿ ಹೆಂಡತಿ ಮಗನನ್ನು ಮಾರಿದ, ಅವನನ್ನು ಎಷ್ಟು ಸಲ ಬೇಕಾದರೂ ಮಾರಬಹುದು.

ಈಗಿನ ಹುಡುಗರು ನಗುತ್ತಾರೆ. ‘ಅಂಕಲ್, ಎಲ್ಲ ಆನ್‌ಲೈನಲ್ಲಿದೆ, ಕಪಾಟು ಯಾಕೆ?’ ಇರುವುದೇನೋ ಇದೆ. 2024ರ ಮೇಯಿಂದ ಊಟಿಗೆ ಬರುವ ಪ್ರವಾಸಿ ಇ-ಪಾಸ್ ತೆಗೆದುಕೊಳ್ಳಬೇಕು. ಪಾಸ್ ಸಿಕ್ಕವನು ಬೆಟ್ಟ ನೋಡಿಕೊಂಡು ವಾಪಸು ಹೋಗಬೇಕು, ಬೆಟ್ಟ ಅವನದಾಗುವುದಿಲ್ಲ. ಒಟಿಟಿಯಲ್ಲಿ ‘ಖರೀದಿಸಿ’ ಎಂಬ ಗುಂಡಿ ಒತ್ತಿದವನಿಗೂ ಸಿಗುವುದು ಅಂಥದೇ ಪಾಸು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಇದೆ: ಡಿಜಿಟಲ್ ಮಾಲಿನ ಮೇಲೆ ‘ಕೊಳ್ಳಿ’ ಅಂತ ಬರೆದರೆ, ಇದು ಪರವಾನಗಿ ಮಾತ್ರ ಅಂತ ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ನಮ್ಮಲ್ಲಿ ಅಷ್ಟೆಲ್ಲ ತಿಳಿಸಿ ಗಿರಾಕಿಯ ಮನಸ್ಸು ನೋಯಿಸುವ ಪದ್ಧತಿ ಇಲ್ಲ.

ಮಸಿನಗುಡಿಯ ಪಕ್ಕದಲ್ಲೇ ತೆಪ್ಪಕಾಡು ಆನೆ ಶಿಬಿರ. ಅಲ್ಲಿನ ಬೊಮ್ಮನ್, ಬೆಳ್ಳಿ ದಂಪತಿ ರಘು ಎಂಬ ಮರಿಯಾನೆ ಸಾಕಿದ ಕತೆ ‘ದಿ ಎಲಿಫೆಂಟ್ ವಿಸ್ಪರರ್ಸ್’. ಊಟಿಯಲ್ಲಿ ಬೆಳೆದ ಕಾರ್ತಿಕಿ ಗೊನ್ಸಾಲ್ವಿಸ್ ತೆಗೆದರು, 2023ರಲ್ಲಿ ಆಸ್ಕರ್ ಬಂತು. ಇದು ನಮ್ಮ ಕಾಡಿನ ಸಿನಿಮಾ ಅಲ್ಲವೇ, ಒಂದು ಪ್ರತಿ ಮನೆಯಲ್ಲಿರಲಿ ಅಂತ ಭಾವ ಪೇಟೆಗೆ ಹೊರಟರು. ಡಿಸ್ಕ್ ಮಾರುತ್ತಿದ್ದ ಅಂಗಡಿಯಲ್ಲಿ ಈಗ ಹೋಂಮೇಡ್ ಚಾಕೊಲೇಟು. ಸಿನಿಮಾ ನೆಟ್‌ಫ್ಲಿಕ್ಸಿನಲ್ಲಿದೆ, ತಿಂಗಳ ಚಂದಾ ಕಟ್ಟಬೇಕು. ಆನೆಯನ್ನು ಮಸಿನಗುಡಿ ರಸ್ತೆಯಲ್ಲಿ ಬಿಟ್ಟಿ ನೋಡಬಹುದು. ಅದರ ಸಿನಿಮಾ ನೋಡಬೇಕಾದರೆ ಅಮೆರಿಕಕ್ಕೆ ಬಾಡಿಗೆ. ಭಾವ ಕಾಲು ಕಿಲೊ ಚಾಕೊಲೇಟು ಕಟ್ಟಿಸಿಕೊಂಡು ಬಂದರು.

ಮನೆಗೆ ಬಂದರೆ ಹಿತ್ತಿಲಿನಲ್ಲಿ ಏನೋ ಮಿಂಚುತ್ತಿತ್ತು. ಬಟಾಣಿ ಮಡಿಗೆ ಹಕ್ಕಿಗಳ ಕಾಟ ಹೆಚ್ಚಿತ್ತಲ್ಲ, ಅಕ್ಕ ಕಪಾಟು ಖಾಲಿ ಮಾಡಿ, ವಿಸಿಡಿ ಡಿವಿಡಿಗಳನ್ನೆಲ್ಲ ದಾರಕ್ಕೆ ಪೋಣಿಸಿ ಸಾಲಾಗಿ ತೂಗುಹಾಕಿದ್ದಳು. ಭಾವ ಹೌಹಾರಿದರು.

‘ಏನೇ ಇದು! ಬ್ಲೂ-ರೇ ಡಿಸ್ಕೂ ಕಟ್ಟಿದೀಯಲ್ಲೇ! ಒಂದೊಂದಕ್ಕೆ ಎಷ್ಟು ಕೊಟ್ಟಿದ್ದೆ ಗೊತ್ತಾ?’

‘ಗೊತ್ತು ಬಿಡಿ. ಆದ್ರೆ ಹಕ್ಕಿಗೆ ಯಾವುದಕ್ಕೂ ವ್ಯತ್ಯಾಸ ಗೊತ್ತಾಗ್ತಾ ಇಲ್ಲ. ಆ ಇಪ್ಪತ್ತೆಂಟು ರೂಪಾಯಿದಕ್ಕೇ ಹೆಚ್ಚು ಹೆದರ್ತಾವೆ.’