ಸಾಣಾಪುರೀಯ ಗುರೆಳ್ಳು ಮೀಮಾಂಸೆ

ಶಾಸ್ತ್ರ ಬರೆಯಲು ಹೊರಟವರು ಮೊದಲು ನಾಲ್ಕು ಮಾತು ಹೇಳಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಸಂಬಂಧವೇನು, ಓದಲು ಅಧಿಕಾರಿ ಯಾರು. ವಿಷಯ: ಆಫ್ರಿಕಾದಿಂದ ಬಂದು, ಒಂದೇ ಹಂಗಾಮಿನಲ್ಲಿ ಹುಟ್ಟಿ, ಹಳದಿ ಹೂ ಬಿಟ್ಟು, ಕಾಳು ಕೊಟ್ಟು ಒಣಗುವ ಗುರೆಳ್ಳು ಗಿಡದ ಪಾಲನೆ ಪೋಷಣೆ. ಪ್ರಯೋಜನ: ಹಿಂಡಿ, ಅಂದರೆ ಚಟ್ನಿಪುಡಿ. ಸಂಬಂಧ: ಹಿಂಡಿಗೂ ರೊಟ್ಟಿಗೂ ಇರುವುದೇ. ಅಧಿಕಾರಿ: ಹಸಿದವನು. ಮೈಸೂರು ಸೀಮೆಯವರು ಇದನ್ನು ಹುಚ್ಚೆಳ್ಳು ಎನ್ನುತ್ತಾರೆ. ಅವರೂ ಓದಬಹುದು, ಅಡ್ಡಿಯಿಲ್ಲ.

ಸ್ಥಳ: ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕಿನ ಸಾಣಾಪುರ. ಈ ಊರನ್ನೇ ಏಕೆ ಆರಿಸಿದ್ದು ಎಂದು ಜಾಣರು ಕೇಳುತ್ತಾರೆ. ಗುರೆಳ್ಳು ಒಗ್ಗುವುದು ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಿಗೆ. ಸಾಣಾಪುರದಲ್ಲಿರುವುದು ತುಂಗಭದ್ರಾ ಎಡದಂಡೆ ಕಾಲುವೆ, ಕೆರೆ, ಭತ್ತ, ಬಂಡೆಗಲ್ಲು, ಹರಿಗೋಲು, ಹೋಮ್‌ಸ್ಟೇ. ಉತ್ತರ ಸುಲಭ. ಶಾಸ್ತ್ರ ಬೆಳೆಯುವುದೇ ಇಲ್ಲದ ವಸ್ತುವಿನ ಸುತ್ತ. ಇರುವ ವಸ್ತುವಿನ ಬಗ್ಗೆ ಯಾರೂ ಬರೆಯುವುದಿಲ್ಲ, ಉಂಡು ಕೈ ತೊಳೆಯುತ್ತಾರೆ.

ಮೊದಲ ಪೂರ್ವಪಕ್ಷ ಹೋಮ್‌ಸ್ಟೇ ಮಾಲೀಕರದು. 2020ರ ಮಾರ್ಚಿನಲ್ಲಿ ಹತ್ತಿರದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟಿನ ತೀರ್ಪಿನಂತೆ ನೆಲಸಮವಾದ ಮೇಲೆ ಪ್ರವಾಸಿಗರ ದಂಡು ಸಾಣಾಪುರದತ್ತ ಹೊರಳಿತು. ದಂಡಿನ ಹಿಂದೆ ಹಮ್ಮಸ್ ಬಂತು, ಹಮ್ಮಸ್ಸಿನ ಹಿಂದೆ ಹೂಕುಂಡ ಬಂತು. ಇಂಥ ಕುಂಡವೊಂದನ್ನು ತೋರಿಸಿ ಪೂರ್ವಪಕ್ಷಿ ವಾದಿಸುತ್ತಾನೆ: “ಆಫ್ರಿಕಾದ ಹೂ ಬೇಕಂದ್ರ ನಮ್ಮಲ್ಲೇ ಐತಲ್ರಿ, ಚೀಟಿ ಓದ್ರಿ, ಆಫ್ರಿಕನ್ ಮಾರಿಗೋಲ್ಡ್.” ಇದು ನಿಲ್ಲುವ ವಾದವಲ್ಲ. ಚೆಂಡುಹೂವಿನ ತವರು ಮೆಕ್ಸಿಕೊ. ಅದು ಆಫ್ರಿಕಾದ ಚೀಟಿ ಹಚ್ಚಿಕೊಂಡು ದಸರೆಗೆ ಬಾಗಿಲ ತೋರಣವಾಗಿ, ಟ್ರ್ಯಾಕ್ಟರಿನ ಕೊರಳ ಹಾರವಾಗಿ ಮೆರೆಯುತ್ತದೆ. ನಿಜವಾಗಿ ಆಫ್ರಿಕಾದ್ದಾದ ಹೂವು ಯಾವ ಚೀಟಿಯೂ ಇಲ್ಲದೆ ಬದುವಿನ ಮೇಲೆ ನಿಂತಿದೆ. ಕಾಗದಪತ್ರ ಸರಿಯಿದ್ದವರಿಗೇ ಮರ್ಯಾದೆ ಎಂಬ ಲೋಕನ್ಯಾಯ ಸಸ್ಯಗಳಿಗೂ ಅನ್ವಯಿಸುತ್ತದೆಂದು ಇಲ್ಲಿ ಗ್ರಹಿಸತಕ್ಕದ್ದು.

ಇನ್ನು ಉತ್ಪತ್ತಿ ವಿಚಾರ. ಗುರೆಳ್ಳಿನ ತವರು ಇಥಿಯೋಪಿಯಾದ ಎತ್ತರದ ಸೀಮೆ. ಅಲ್ಲಿ ಅದಕ್ಕೆ ನೂಗ್ ಎಂದು ಹೆಸರು, ಅಡುಗೆಗೆ ಅದರ ಎಣ್ಣೆ ಬಳಸುತ್ತಾರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ; ಎರಡರಲ್ಲೂ ಗುರೆಳ್ಳಿನ ಸುದ್ದಿಯಿಲ್ಲ. ಇದರಿಂದ ಸಿದ್ಧವಾಗುವುದೇನೆಂದರೆ, ಗುರೆಳ್ಳು ರಾಜಾಜ್ಞೆಯಿಲ್ಲದೆಯೇ ಬೆಳೆಯುತ್ತದೆ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಕಲ್ಲುಮನೆಗಳಲ್ಲಿ ಇದರ ಕುರುಹು ಹುಡುಕುವ ಕೆಲಸವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ, ಏಕೆಂದರೆ ಗುಡ್ಡ ಹತ್ತಬೇಕಾಗುತ್ತದೆ.

ಸಸ್ಯಶಾಸ್ತ್ರಜ್ಞರು ಇದನ್ನು ಗೈಜೋಟಿಯ ಅಬಿಸಿನಿಕ ಎಂದು ಕರೆಯುತ್ತಾರೆ. ಫ್ರಾನ್ಸಿನ ಕಾಸಿನಿ ಎಂಬ ವಿದ್ವಾಂಸ 1829ರಲ್ಲಿ ಈ ಕುಲಕ್ಕೆ ತನ್ನ ನಾಡಿನ ಇತಿಹಾಸಕಾರ ಫ್ರಾಂಸ್ವಾ ಗಿಜೋನ ಹೆಸರಿಟ್ಟ. ಗಿಜೋ ಮುಂದೆ ಮಂತ್ರಿಯಾದ, ಪ್ರಧಾನಿಯಾದ, 1848ರ ಕ್ರಾಂತಿಯಲ್ಲಿ ಕುರ್ಚಿ ಕಳಕೊಂಡ. ಪ್ಯಾರಿಸ್ಸಿನಲ್ಲಿ ಬೇರು ಕಿತ್ತ ಆ ಹೆಸರು ಯಲಬುರ್ಗಾದ ಮಸಾರಿ ಹೊಲದಲ್ಲಿ ಮಳೆಗೂ ಬಿಸಿಲಿಗೂ ಜಗ್ಗದೆ ನಿಂತಿದೆ. ಪದವಿಗಿಂತ ಬದು ಗಟ್ಟಿ.

ಈ ಘಟ್ಟದಲ್ಲಿ ಸ್ವದೇಶಿಗಳ ಆಕ್ಷೇಪ ಕೇಳಿಬರುತ್ತದೆ: ಪರದೇಶಿ ಗಿಡವನ್ನು ನಾವೇಕೆ ಸಾಕಬೇಕು? ಪರಿಹಾರಕ್ಕಾಗಿ ಅವರ ಮುಂದಿನ ತಾಟನ್ನೇ ಸಾಕ್ಷಿಗೆ ಕರೆಯಲಾಯಿತು. ರೊಟ್ಟಿಯ ಜೋಳ ಆಫ್ರಿಕಾದ್ದು. ಸಜ್ಜಿರೊಟ್ಟಿಯಾದರೆ ಸಜ್ಜೆಯೂ ಅಲ್ಲಿಯದೇ. ಅಲಸಂದಿ ಅಲ್ಲಿಯದು, ಸಾರಿನ ಹುಣಸೆ ಅಲ್ಲಿಯದು. ಖಾರದ ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಬಂದವು. ಬಳ್ಳೊಳ್ಳಿ ಮಧ್ಯ ಏಷ್ಯಾದ್ದು. ಪಂಕ್ತಿಯಲ್ಲಿ ಎದ್ದು ನಿಂತು ನಾನು ಇಲ್ಲಿಯವನು ಎನ್ನಬಲ್ಲದ್ದು ಬದನೆಕಾಯಿ ಒಂದೇ. ಅದರ ಹೊಟ್ಟೆ ಸೀಳಿ ನೋಡಿದರೆ ಒಳಗೆ ತುಂಬಿರುವುದು ಗುರೆಳ್ಳು ಪುಡಿ. ಆಕ್ಷೇಪಿಸಿದವರು ಎರಡನೆಯ ಎಣ್ಣೆಗಾಯಿ ಹಾಕಿಸಿಕೊಂಡದ್ದನ್ನು ಸಮ್ಮತಿಯೆಂದು ದಾಖಲಿಸಲಾಗಿದೆ.

ಪೋಷಣೆಯಲ್ಲಿ ಎರಡು ಪಂಥಗಳು. ಪುಸ್ತಕ ಪಂಥದವರು ಹೆಕ್ಟೇರಿಗೆ 5 ಕಿಲೊ ಬೀಜ, ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಎನ್ನುತ್ತಾರೆ. ಬೀಜ ಸಣ್ಣದು, ಕೂರಿಗೆಯಲ್ಲಿ ಒಂದೇ ಕಡೆ ಸುರಿದುಹೋಗುತ್ತದೆ, ಆದ್ದರಿಂದ ಮರಳಿನಲ್ಲೋ ಪುಡಿ ಗೊಬ್ಬರದಲ್ಲೋ ಬೆರೆಸಿ ಬಿತ್ತಬೇಕೆನ್ನುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಎರಡನೆಯದು ಅಜ್ಜನ ಪಂಥ. ಇದರ ಮೂಲಗ್ರಂಥ ಕಟ್ಟೆಯ ಮೇಲೆ ನಡೆದ ಒಂದು ಸಂವಾದ. ಪೂರ್ತಿಯಾಗಿ ಇಲ್ಲಿ ಕೊಟ್ಟಿದೆ.

“ಗುರೆಳ್ಳಿಗೆ ಏನೇನ್ ಮಾಡಬೇಕು ಯಜ್ಜಾ?”

“ಬಿತ್ತಿ ಬಾ. ತಿರುಗಿ ನೋಡಬ್ಯಾಡ.”

“ನೀರು?”

“ಮ್ಯಾಲಿನಾವ ಕೊಡ್ತಾನ.”

“ಗೊಬ್ಬರ?”

“ಯಾತಕ್ಕ?”

ಈ ‘ಯಾತಕ್ಕ’ ಎಂಬ ಏಕಪದ ಸೂತ್ರದ ಮೇಲೆ ಭಾಷ್ಯ ಅಗತ್ಯ. ಗುರೆಳ್ಳು ಬಡ ನೆಲದ ಗಿಡ. ಗೊಬ್ಬರ ಹೆಚ್ಚಾದರೆ ಎದೆಮಟ್ಟ ಬೆಳೆದು ಸೊಪ್ಪಾಗಿ, ಒಂದು ಗಾಳಿಗೆ ಮಲಗಿ, ಕಾಳಿನ ಹೊತ್ತಿಗೆ ಕೈ ಎತ್ತುತ್ತದೆ. ಎಲೆಯ ಮೇಲೆ ಒರಟು ರೋಮ, ಮುರಿದರೆ ಒಂದು ಘಾಟು. ದನ ಮೂಸಿ ನೋಡಿ ಮುಂದಕ್ಕೆ ಹೋಗುತ್ತದೆ. ಅದಕ್ಕೇ ಹಳಬರು ಹೊಲದ ಅಂಚಿಗೆ ಇದನ್ನು ಬಿತ್ತಿ ಒಳಗಿನ ಬೆಳೆ ಉಳಿಸಿಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಗಾದೆಯಲ್ಲಿದೆ. ಬೇಲಿಯೇ ಎದ್ದು ಎಣ್ಣೆ ಕೊಟ್ಟದ್ದನ್ನು ಯಾವ ಗಾದೆಯೂ ದಾಖಲಿಸಿಲ್ಲ. ಗಾದೆ ಮಾಡಿದವರು ದೂರು ಹೇಳಲೆಂದೇ ಕೂತಿದ್ದರೆಂದು ಕಾಣುತ್ತದೆ.

ಉಪೇಕ್ಷೆಯ ಸಿದ್ಧಾಂತಕ್ಕೆ ಪ್ರತ್ಯಕ್ಷ ಪ್ರಮಾಣವೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಕಣ್ಣೆದುರಿಗೇ ಖಾಲಿಯಾಗುತ್ತಿತ್ತು. ಆಗಷ್ಟೇ ಸಸಿ ನಾಟಿದ್ದ ಗಂಗಾವತಿ ಸೀಮೆಯವರಿಗೆ ಗಂಟಲ ಪಸೆ ಆರಿತು. ಆ ವಾರ ಚಹಾದಂಗಡಿಯ ಮಾತೆಲ್ಲ ಕ್ಯೂಸೆಕ್ ಮತ್ತು ಟಿಎಂಸಿ. ಗೇಟಿಗೆ ತಾತ್ಕಾಲಿಕ ಹಲಗೆ ಕೂರಿಸುವವರೆಗೆ ಭತ್ತದವನು ಉಸಿರು ಬಿಗಿಹಿಡಿದಿದ್ದ. ಮಳೆಯ ಹೊಲದ ಗುರೆಳ್ಳಿಗೆ ಅಣೆಕಟ್ಟೆ ಎಂಬುದೊಂದು ಇದೆಯೆಂಬುದೇ ಗೊತ್ತಿರಲಿಲ್ಲ. ಅಜ್ಞಾನವು ಬರಸಹಿಷ್ಣು.

ಕಿಷ್ಕಿಂಧೆಯೆಂದು ಹೆಸರಾದ ಆನೆಗೊಂದಿಯ ಆಸುಪಾಸಿನಲ್ಲಿ ತೋಟಗಾರಿಕೆ ಬರೆಯುವವರು ಮಂಗಗಳಿಗೊಂದು ಅಧ್ಯಾಯ ಮೀಸಲಿಡಲೇಬೇಕು. ಆ ಅಧ್ಯಾಯ ಇದು: ಕುಂಡ ಉರುಳಿಸುತ್ತವೆ.

ಮಂಗ ಉರುಳಿಸದೆ ಬಿಟ್ಟ ಕುಂಡದಲ್ಲಿ ಗುರೆಳ್ಳು ಬೆಳೆಸಬಹುದೇ ಎಂಬುದು ಮುಂದಿನ ಪ್ರಶ್ನೆ. ಮಹಡಿಯ ಮೇಲೆ ಒಂದೇ ಒಂದು ಗಿಡ ಇಟ್ಟು ನೋಡಿದರೆ ಗಿಡವೇನೋ ಬರುತ್ತದೆ. ಹಗಲು ಮೊಟಕಾಗುತ್ತ ಬಂದಂತೆ ಮೊಗ್ಗು ಹಿಡಿಯುತ್ತದೆ. ಹೂವು ಹತ್ತಿರದಿಂದ ನೋಡುವಂಥದ್ದು: ಸುತ್ತ ಎಂಟರಷ್ಟು ಹಳದಿ ಎಸಳು, ಪ್ರತಿ ಎಸಳಿನ ತುದಿಯಲ್ಲಿ ಸಣ್ಣ ಕಚ್ಚು, ನಡುವೆ ಪುಟ್ಟ ಕೊಳವೆ ಹೂಗಳ ಗುಂಪು, ಬೆರಳು ತಾಗಿಸಿದರೆ ಬಂಗಾರದ ಪುಡಿ. ಅತಿಥಿಗಳು ಫೋಟೊ ತೆಗೆಯುತ್ತಾರೆ. ಕಾಳು ಮಾತ್ರ ಕಟ್ಟುವುದಿಲ್ಲ. ಉಜ್ಜಿದರೆ ಬರೀ ಜೊಳ್ಳು. ಕಾರಣ, ಗುರೆಳ್ಳು ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಸಗೋತ್ರ ವಿವಾಹವನ್ನು ಅದು ಯಾವ ಸ್ಮೃತಿಕಾರನಿಗಿಂತಲೂ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರಲು ಜೇನುಹುಳ ಬೇಕು. ಸ್ಮೃತಿಯಲ್ಲಾದರೆ ಪ್ರಾಯಶ್ಚಿತ್ತಕ್ಕೆ ದಾರಿಯುಂಟು, ದಕ್ಷಿಣೆಯುಂಟು. ಇಲ್ಲಿ ಅದೂ ಇಲ್ಲ. ಆದ್ದರಿಂದ ಹೋಮ್‌ಸ್ಟೇಯವರು ಒಂದು ಕುಂಡದ ಬದಲು ಒಂದು ಮಡಿ ತುಂಬ ಬಿತ್ತತಕ್ಕದ್ದು, ಬಂಡೆಯ ಹೆಜ್ಜೇನಿಗೆ ಹೊಗೆ ಹಾಕದೆ ಇರತಕ್ಕದ್ದು. ಇಡೀ ಪ್ರಬಂಧದಲ್ಲಿ ಕೃಷಿಗೆ ಉಪಯೋಗಕ್ಕೆ ಬರುವ ಮಾತು ಇದೊಂದೇ ಇರಬಹುದು. ಓದುಗರು ಗೆರೆ ಹಾಕಿಕೊಳ್ಳಲಿ.

ಶತ್ರುಗಳ ಪೈಕಿ ಹೆಸರಿಸಬೇಕಾದದ್ದು ಕಸ್ಕುಟ. ಎಲೆಯಿಲ್ಲ, ಮೊಳೆತು ಗಿಡ ಸಿಕ್ಕಿದ ಮೇಲೆ ನೆಲದಲ್ಲಿ ಬೇರೂ ಇಲ್ಲ. ಹಳದಿ ದಾರದಂತೆ ಸುತ್ತಿಕೊಂಡು ಗುರೆಳ್ಳಿನ ರಸ ಹೀರಿ ಬದುಕುವ ಬಳ್ಳಿ. ಅದರ ಬೀಜ ಗುರೆಳ್ಳಿನೊಳಗೆ ಬೆರೆತು ಬಿತ್ತನೆಯ ಜೊತೆಗೇ ಹೊಲಕ್ಕೆ ಮರಳಿ ಬರುತ್ತದೆ. ಈ ಕ್ಷುದ್ರ ಬಳ್ಳಿಗೆ ಅಂತರರಾಷ್ಟ್ರೀಯ ಮಹತ್ವವಿದೆ. ಅಮೆರಿಕದವರು ಭಾರತದಿಂದ ಗುರೆಳ್ಳು ತರಿಸಿ ಅಂಗಳದ ಹಕ್ಕಿಗಳಿಗೆ ಹಾಕುತ್ತಾರೆ. ಗೋಲ್ಡ್‌ಫಿಂಚ್ ಎಂಬ ಹಳದಿ ಹಕ್ಕಿಗೆ ಇದೆಂದರೆ ಪ್ರಾಣ. ಆದರೆ ಕಳೆ ಬೀಜ ತಮ್ಮ ನೆಲಕ್ಕೆ ಇಳಿದೀತೆಂದು, ಆ ಸರಕನ್ನು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ನಿಮಿಷ ಕಾಯಿಸಬೇಕೆಂಬ ನಿಯಮ ಮಾಡಿದ್ದಾರೆ. ಒಂದು ದೊಡ್ಡ ದೇಶದ ಕೃಷಿ ಇಲಾಖೆ ಇಷ್ಟು ಯೋಚಿಸಿ ಕಂಡುಕೊಂಡದ್ದನ್ನು ನಮ್ಮ ದೊಡ್ಡವ್ವ ಹಂಚಿನ ಮೇಲೆ ದಿನಾ ಮಾಡುತ್ತಾಳೆ.

ಹೀಗೆ ಪ್ರಬಂಧ ಅನಿವಾರ್ಯವಾಗಿ ಅಡುಗೆಮನೆಗೆ ಬಂತು. ಹೊಲದಲ್ಲಿ ಬೇಡವೆಂದ ಆರೈಕೆಯನ್ನೆಲ್ಲ ಗುರೆಳ್ಳು ಇಲ್ಲಿ ಬಡ್ಡಿಸಹಿತ ವಸೂಲಿ ಮಾಡುತ್ತದೆ. ಕಣದಿಂದ ಬಂದ ಕಾಳಿನಲ್ಲಿ ಮರಳಿರುತ್ತದೆ. ಕಾಳೂ ಕಪ್ಪು, ಮಣ್ಣೂ ಕಪ್ಪು. ಮೊರದಲ್ಲಿ ಕೇರಬೇಕು, ನೀರಿನಲ್ಲಿ ಜಾಲಿಸಬೇಕು, ಬಿಸಿಲಿಗೆ ಹರವಬೇಕು. ಮರಳು ಉಳಿಯಿತೋ ಇಲ್ಲವೋ ಎಂಬುದನ್ನು ಅಳೆಯುವ ಉಪಕರಣ ಗಂಡನ ಹಲ್ಲು. ಹುರಿಯುವಾಗ ಉರಿ ಸಣ್ಣದಿರಬೇಕು. ಮೊದಲು ಸುಮ್ಮನಿರುತ್ತದೆ, ಆಮೇಲೆ ಒಂದೆರಡು ಚಟಪಟ, ಒಮ್ಮೆಲೇ ಎಲ್ಲ ಕಾಳು ಸಿಡಿಯತೊಡಗುತ್ತವೆ. ಆ ಕ್ಷಣಕ್ಕೆ ಇಳಿಸಬೇಕು. ಇಳಿಸುವುದು ತಡವಾಯಿತೋ, ಹಿಂಡಿ ಕಹಿ. ಆರಿದ ಮೇಲೆ ಒಣ ಖಾರ, ಉಪ್ಪು, ಬಳ್ಳೊಳ್ಳಿ, ಜೀರಿಗೆ, ಚೂರು ಹುಣಸೆ ಸೇರಿಸಿ ಒಳ್ಳಿನಲ್ಲಿ ಕುಟ್ಟಬೇಕು. ನಾಲ್ಕು ಪೆಟ್ಟಿಗೆ ಪುಡಿ, ಹತ್ತು ಪೆಟ್ಟಿಗೆ ಎಣ್ಣೆ ಬಿಟ್ಟು ಬದಿಗೆ ಅಂಟುತ್ತದೆ. ಕಾಳಿನ ತೂಕದಲ್ಲಿ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಎಣ್ಣೆಯೇ. ಆ ಎಣ್ಣೆಯಲ್ಲಿ ಲಿನೊಲಿಯಿಕ್ ಆಮ್ಲ ಬಹಳ, ಗಾಳಿ ತಾಗಿದರೆ ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ವರ್ಷದ ಹಿಂಡಿಯನ್ನು ಒಂದೇ ಸಲ ಕುಟ್ಟಿಡುವ ಸೊಸೆಯ ಬಗ್ಗೆ ಅತ್ತೆಯರು ಆಡುವ ಮಾತಿಗೆ ರಸಾಯನಶಾಸ್ತ್ರದ ಬೆಂಬಲವಿದೆ. ಹೊಸ ಗುರೆಳ್ಳು ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮನೆಗೆ ಬಂದಿರುತ್ತದೆ. ಅಂದು ಸಜ್ಜಿರೊಟ್ಟಿ, ಕಡಬು, ಪಲ್ಯಗಳ ಜೊತೆ ಹಿಂಡಿಯೂ ಬುತ್ತಿಯಲ್ಲಿ ಹೊಲಕ್ಕೆ ಹೋಗುತ್ತದೆ. ಚರಗ ಚೆಲ್ಲಿದ ಮೇಲೆ ಭೂಮಿತಾಯಿಗೆ ಎಷ್ಟು, ನಮಗೆ ಎಷ್ಟು ಎಂಬ ಪ್ರಶ್ನೆಯನ್ನು ಈವರೆಗೆ ಯಾರೂ ಎತ್ತಿಲ್ಲ, ನಾನೂ ಎತ್ತುವುದಿಲ್ಲ.

ಕಡೆಯ ಆಕ್ಷೇಪ ಸಾಣಾಪುರದ ಭತ್ತದ ರೈತನದು, ಎಲ್ಲಕ್ಕಿಂತ ಗಟ್ಟಿಯಾದದ್ದು. “ನೀವು ಹೇಳೋದೆಲ್ಲ ಖರೇ ಐತ್ರಿ. ಲೆಕ್ಕ ಹಾಕ್ರಿ.” ಹಾಕಿದೆವು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಗುರೆಳ್ಳಿಗೆ ಕ್ವಿಂಟಲ್‌ಗೆ 9,537 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಹಿಂದಿನ ಸಾಲಿಗಿಂತ 820 ರೂಪಾಯಿ ಜಾಸ್ತಿ, ಮುಂಗಾರು ಬೆಳೆಗಳಲ್ಲೆಲ್ಲ ಅದೇ ದೊಡ್ಡ ಏರಿಕೆ. ಸಾಮಾನ್ಯ ಭತ್ತಕ್ಕೆ 2,369. ಸಿದ್ಧಾಂತಿ ಮೀಸೆಯ ಮೇಲೆ ಕೈ ಹಾಕಿದ. ರೈತ ಮುಂದುವರಿಸಿದ: “ಎಕರೆಕ ಎಷ್ಟ್ ಬರ್ತೈತ್ರಿ ನಿಮ್ಮ ಗುರೆಳ್ಳು?” ಒಂದು, ಚೆನ್ನಾಗಿ ಬಂದರೆ ಒಂದೂವರೆ ಕ್ವಿಂಟಲ್. “ನಮ್ಮ ಭತ್ತ ಇಪ್ಪತ್ತೈದು.” ಅಂದರೆ ಒಂದು ಕಡೆ 14,300, ಇನ್ನೊಂದು ಕಡೆ 59,000 ದಾಟುತ್ತದೆ. ಗೊಬ್ಬರ, ಔಷಧ, ನಾಟಿ ಕೂಲಿ, ಯಂತ್ರದ ಬಾಡಿಗೆ ಕಳೆಯಿರೆಂದು ಸಿದ್ಧಾಂತಿ ಹೇಳಿದ್ದು ನಿಜ. ಕಳೆದ ಮೇಲೂ ರೈತನ ಮುಖ ಬಾಡಲಿಲ್ಲ. ಕಾಲುವೆಯ ನೀರು ಬರುವ ನೆಲಕ್ಕೆ ಗುರೆಳ್ಳು ಹಾಕಿರೆನ್ನುವುದು ಪಾಂಡಿತ್ಯ, ಬುದ್ಧಿಯಲ್ಲ. ನೀರು ಹತ್ತದ ಬಂಡೆ ಬುಡದ ತುಂಡುನೆಲ, ಹಾಳುಬಿಟ್ಟ ಮರಡಿ, ಹೋಮ್‌ಸ್ಟೇಯ ಹಿತ್ತಲು: ಗುರೆಳ್ಳಿನ ಸಾಮ್ರಾಜ್ಯವನ್ನು ಇಷ್ಟಕ್ಕೇ ಸೀಮಿತಗೊಳಿಸಿ ಸಿದ್ಧಾಂತಿ ರಾಜಿಗೆ ಸಹಿ ಹಾಕಿದ.

ಸೋತ ವಾದವನ್ನು ಮುಚ್ಚಲು ವಿಷಯಾಂತರ ಮಾಡಬೇಕೆಂಬುದು ಶಾಸ್ತ್ರಕಾರರ ರೂಢಿ. ಅದರಂತೆ ಹಿಂಡಿಗೆ ಬೆಲ್ಲ ಹಾಕಬೇಕೋ ಬಾರದೋ ಎಂಬ ಚರ್ಚೆಯನ್ನು ಎತ್ತಿಕೊಳ್ಳಲಾಗಿದೆ. ಹಾಕಬೇಕೆನ್ನುವವರು ಕಹಿ ಅಡಗುತ್ತದೆಂದು ವಾದಿಸುತ್ತಾರೆ. ಬಾರದೆನ್ನುವವರು, ಸರಿಯಾಗಿ ಹುರಿದಿದ್ದರೆ ಕಹಿ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಉಭಯ ಪಕ್ಷಗಳೂ ತಂತಮ್ಮ ಹಿಂಡಿಯೊಡನೆ ಹಾಜರಾಗತಕ್ಕದ್ದು. ರೊಟ್ಟಿಯನ್ನೂ ಅವರೇ ತರತಕ್ಕದ್ದು.