ಮೀನಿನ ಬುಟ್ಟಿಯ ಪಂಚಾಂಗ

ನಮ್ಮ ಓಣಿಗೆ ಬರುವ ಮೀನಕ್ಕನಿಗೆ ಓದು ಬರಹ ಗೊತ್ತಿಲ್ಲ. ಆದರೆ ಯಾವ ದಿನ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತದೆ ಎಂದು ಕೇಳಿ, ಥಟ್ಟನೆ ಹೇಳುತ್ತಾಳೆ. ಸೋಮವಾರ ಕೊಂಕಣಿ ಮಾಮ್‌ನ ಗೇಟಿನ ಬಳಿ ಅವಳ ಕಾಲು ನಿಲ್ಲುವುದಿಲ್ಲ. ಏಕಾದಶಿಗೂ ಅಷ್ಟೇ. ಸಂಕ್ರಾಂತಿಯ ದಿನ ನಮ್ಮ ಮನೆಯನ್ನು ದಾಟಿಯೇ ಹೋಗುತ್ತಾಳೆ. ಕ್ರೈಸ್ತರ ತಪಸ್ಸಿನ ಕಾಲದ ಶುಕ್ರವಾರ ಮಾತ್ರ ಬಾಯಮ್ಮನ ಮನೆಗೆ ಬೆಳಿಗ್ಗೆಯೇ ಹಾಜರು. ಆ ದಿನ ಅವರಿಗೆ ಮಾಂಸ ಬೇಡ, ಮೀನು ಆಗುತ್ತದೆ. ಬಂಗುಡೆಗೆ ಹತ್ತು ರೂಪಾಯಿ ಜಾಸ್ತಿ ಹೇಳಿದರೂ ಆಗುತ್ತದೆ, ಅದೂ ಅವಳಿಗೆ ಗೊತ್ತು.

ಓಣಿಯ ಕೊನೆಗೆ ಇಂದ್ರರ ಮನೆ. ಬಸದಿಯಲ್ಲಿ ಪೂಜೆ ಮಾಡುವವರು. "ಬೂತಾಯೀ... ಬಂಗುಡೇ..." ಎಂದು ಊರು ಎಬ್ಬಿಸಿಕೊಂಡು ಬರುವವಳು ಅವರ ಪಾಗಾರ ಶುರುವಾಗುವ ತೆಂಗಿನ ಮರದ ಹತ್ತಿರ ಬಾಯಿ ಮುಚ್ಚುತ್ತಾಳೆ. ಬುಟ್ಟಿಯ ಮೇಲಿನ ಬಾಳೆ ಎಲೆಯನ್ನು ಒಂದು ಕೈಯಿಂದ ಸರಿಮಾಡಿಕೊಂಡು, ಪಾಗಾರ ಮುಗಿಯುವ ತನಕ ದೇವಸ್ಥಾನದ ಅಂಗಳದಲ್ಲಿ ನಡೆದ ಹಾಗೆ ನಡೆದು, ಆಚೆ ಬದಿಗೆ ಹೋಗಿ ಮತ್ತೆ "ಬೂತಾಯೀ" ಎನ್ನುತ್ತಾಳೆ. ಹಾಗೆ ಮಾಡು ಎಂದು ಯಾರೂ ಅವಳಿಗೆ ಹೇಳಿದ್ದಲ್ಲ.

ಮೊನ್ನೆ ಬೇಲಿಯ ಹತ್ತಿರ ಬಾಯಮ್ಮನ ಜೊತೆ ಮಾತಾಡುವಾಗ ನಾನು ಇದನ್ನೇ ಹೇಳಿದೆ. ಧರ್ಮ ಎಂದರೆ ಮನುಷ್ಯ ಏನು ನಂಬುತ್ತಾನೆ ಅನ್ನುವುದು ಅಂತ ನಾವು ತಿಳಿದಿದ್ದೇವೆ. ನನಗೆ ಕಾಣುವುದು ಹೊಟ್ಟೆ ಎಷ್ಟು ಗಂಟೆಗೆ ಹಸಿಯುತ್ತದೆ ಅನ್ನುವುದು. ಬಾಯಮ್ಮ ನಕ್ಕರು. "ನಿಮ್ಮ ಯಜಮಾನ್ರನ್ನೇ ನೋಡಿ" ಎಂದರು.

ನಮ್ಮ ಮನೆಯವರು ನಿವೃತ್ತ ಮೇಷ್ಟ್ರು, ದೇವರಿಲ್ಲ ಎನ್ನುವ ಪಂಗಡ. ಆ ವಿಷಯದ ಪುಸ್ತಕಗಳೇ ಒಂದು ಕಪಾಟು ಇವೆ. ಆದರೆ ಸಂಕ್ರಾಂತಿಯ ದಿನ, ಅಂದರೆ ತುಳು ತಿಂಗಳು ಮಗುಚುವ ದಿನ, ದೈವಕ್ಕೆ ದೀಪ ಇಡುವ ದಿನ, ತಟ್ಟೆಗೆ ಮೀನು ಬಿದ್ದರೆ ಅವರ ಕೈ ನಿಲ್ಲುತ್ತದೆ. ಒಮ್ಮೆ ಬೇಕೆಂದೇ ಬಡಿಸಿದ್ದೆ. "ನಂಬಿಕೆ ಅಲ್ಲ, ಯಾಕೋ ಇವತ್ತು ಸೇರುವುದಿಲ್ಲ" ಎಂದು ಸಾರು ಕಲಸಿಕೊಂಡರು. ಮಗ ಸಂದರ್ಶನಕ್ಕೆಂದು ಬೆಂಗಳೂರಿಗೆ ಹೊರಟದ್ದು ಒಂದು ಮಂಗಳವಾರ, ಮೂರು ಗಂಟೆಗೆ. "ಮಳೆ ನಿಲ್ಲಲಿ, ಆಮೇಲೆ ಹೊರಡು" ಎಂದು ನಾಲ್ಕೂವರೆಯವರೆಗೆ ಹಿಡಿದು ಕೂರಿಸಿದರು. ಆ ದಿನ ಮಳೆಯೇ ಇರಲಿಲ್ಲ. ಮಂಗಳವಾರ ಮೂರರಿಂದ ನಾಲ್ಕೂವರೆ ಏನು ಎಂದು ನನಗೂ ಗೊತ್ತು, ಮಗನಿಗೂ ಗೊತ್ತು. ರಾಹುವಿನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ.

ಇಂದ್ರರ ಮನೆಯ ಗಡಿಯಾರ ಇನ್ನೂ ಬಿಗಿ. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಅವರ ಪಾತ್ರೆ ತೊಳೆಯುವ ಸದ್ದು ಕೇಳಿದರೆ ನಾನು ದೀಪ ಹಚ್ಚಲು ಏಳುತ್ತೇನೆ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಮೂಲಂಗಿ ಅವರ ಅಡುಗೆಮನೆ ಹೊಕ್ಕಿದ್ದಿಲ್ಲ. ನೆಲದೊಳಗಿನದ್ದನ್ನು ಕಿತ್ತರೆ ಎಷ್ಟು ಜೀವ ಹೋಯಿತೋ ಎಂಬ ಲೆಕ್ಕ. ಒಂದು ದಿನ ಅವರ ಬಾವಿಕಟ್ಟೆಯ ಹತ್ತಿರ ನಿಂತಿದ್ದೆ. ಅಮ್ಮ ನೀರು ಸೇದಿ, ದಪ್ಪ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸಿದರು. ಅದು ಎಲ್ಲರೂ ಮಾಡುವುದೇ. ಆಮೇಲೆ ಬಟ್ಟೆಯನ್ನು ಬಿಚ್ಚಿ, ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲ ಹೊಯ್ದು, ಆ ನೀರನ್ನು ಕೊಡಪಾನದಲ್ಲಿ ಹಿಡಿದು ಹಗ್ಗದಲ್ಲಿ ತಿರುಗಿ ಬಾವಿಗೇ ಇಳಿಸಿದರು. ಮೇಲಿನಿಂದ ಚೆಲ್ಲಲಿಲ್ಲ, ನೀರಿಗೆ ಮುಟ್ಟಿಸಿಯೇ ಬಿಟ್ಟರು. "ಬಟ್ಟೆಗೆ ಸಿಕ್ಕಿದವು ಅವುಗಳ ಮನೆಗೆ ಹೋಗ್ಬೇಕಲ್ಲ" ಎಂದರು, ಶಾಲೆ ಬಿಟ್ಟ ಮಕ್ಕಳ ವಿಷಯ ಹೇಳಿದ ಹಾಗೆ. ಆವತ್ತಿನಿಂದ ನಮ್ಮ ಬಾವಿಗೆ ಬಗ್ಗಿ ನೋಡುವಾಗ ನನಗೆ ಒಂಥರಾ ಆಗುತ್ತದೆ. ನನಗೆ ಅದು ನೀರು, ಅವರಿಗೆ ಅದೊಂದು ಊರು. ಊರಿನ ಬಂಡೆಯ ಮೇಲೆ 1432ರಿಂದ ನಿಂತಿರುವ 42 ಅಡಿಯ ಗೊಮ್ಮಟನನ್ನು ದಿನವೂ ನೋಡುತ್ತೇನೆ, 2015ರ ಮಸ್ತಕಾಭಿಷೇಕಕ್ಕೂ ಹೋಗಿ ಬಂದಿದ್ದೇನೆ. ಜೈನಧರ್ಮ ಏನೆಂದು ಸ್ವಲ್ಪ ತಲೆಗೆ ಹೋದದ್ದು ಮಾತ್ರ ಆ ಒದ್ದೆ ಬಟ್ಟೆಯಿಂದ.

ಓಣಿಯ ಈ ಕೊನೆಗೆ ಉಮ್ಮನ ಮನೆ. ಉಪವಾಸದ ತಿಂಗಳು ಮೀನಕ್ಕ ಅಲ್ಲಿಗೆ ಬೆಳಿಗ್ಗೆ ಹೋಗುವುದಿಲ್ಲ, ಮಧ್ಯಾಹ್ನದ ಮೇಲೆ ಹೋಗುತ್ತಾಳೆ. ಉಪವಾಸಕ್ಕೆ ಉಮ್ಮನಂಥ ಬ್ಯಾರಿ ಮುಸ್ಲಿಮರು 'ನೋಂಬು' ಎನ್ನುತ್ತಾರೆ. ಇಂದ್ರರ ಮನೆಯ ಅಮ್ಮ ಹಿಡಿಯುವ ವ್ರತಕ್ಕೆ ಹೆಸರು 'ನೋಂಪಿ'. ಒಂದೇ ಬೇರಿನ ಮಾತು ಓಣಿಯ ಎರಡು ತುದಿಗೆ ಹೋಗಿ ಕೂತಿದೆ! ಒಂದು ಮನೆಯಲ್ಲಿ ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು, ಇನ್ನೊಂದು ಮನೆಯಲ್ಲಿ ಮುಳುಗಿದ ಮೇಲೆಯೇ ಶುರುವಾಗಬೇಕು.

ಉಮ್ಮ ಮೊದಲ ನೋಂಬು ಹಿಡಿದದ್ದು ಹತ್ತು ವರ್ಷದವರಿದ್ದಾಗ, ಮಾವಿನ ಮಿಡಿ ಬೀಳುವ ಕಾಲದಲ್ಲಂತೆ. ಅವರ ವರ್ಷಕ್ಕೆ ಸುಮಾರು 354 ದಿನ, ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಹನ್ನೊಂದು ದಿನ ಕಡಿಮೆ. ಹಾಗಾಗಿ ಉಪವಾಸ ವರ್ಷ ವರ್ಷ ಹಿಂದೆ ಸರಿದು, ಬೇಸಿಗೆ, ಮಳೆ, ಚಳಿ ಎಲ್ಲ ಸುತ್ತಿ, ಮೂವತ್ತಮೂರು ವರ್ಷಕ್ಕೆ ಹೊರಟ ಜಾಗಕ್ಕೆ ಬರುತ್ತದೆ. "ಎರಡು ಸುತ್ತು ಆಯ್ತು ಮಗಳೇ. ಈ ಸಲ ಪುನಃ ಮಾವಿನ ಮಿಡಿ" ಎಂದರು. ಚಾಂದ್ರಮಾನ ಪಂಚಾಂಗದವರ ವರ್ಷವೂ ಅಷ್ಟೇ ದಿನದ್ದು. ಆದರೆ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಲೆಕ್ಕ ಸರಿಮಾಡುತ್ತಾರೆ. ಆದ್ದರಿಂದ ದೀಪಾವಳಿ ಯಾವಾಗಲೂ ಮಳೆ ಬಿಟ್ಟ ಮೇಲೆಯೇ. ಉಮ್ಮನವರಲ್ಲಿ ಹಾಗೆ ಸೇರಿಸುವಂತಿಲ್ಲ. ನನ್ನ ಮನಸ್ಸಿನಲ್ಲಿ ಪ್ರತಿ ಹಬ್ಬಕ್ಕೂ ಒಂದು ಹವೆ ಉಂಟು, ಒಂದು ವಾಸನೆ ಉಂಟು. ಉಮ್ಮನ ಉಪವಾಸಕ್ಕೆ ಅದಿಲ್ಲ. ಒಂದು ಕಾಲದಲ್ಲಿ ಅದು ಬೆವರು, ಇನ್ನೊಂದು ಕಾಲದಲ್ಲಿ ನಡುಕ. ಒಂದೇ ಚಂದ್ರನನ್ನು ನೋಡಿಕೊಂಡು ಎರಡು ಥರದ ಬಾಳು! 2030ರಲ್ಲಿ ರಂಜಾನ್ ಎರಡು ಸಲ ಬರುತ್ತದೆ, ಜನವರಿಗೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ ಎಂದು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದನಂತೆ. "ಅಷ್ಟರವರೆಗೆ ಇರ್ಬೇಕಲ್ಲ" ಎಂದು ಉಮ್ಮ ಅಡಿಕೆ ಬಾಯಿಗೆ ಹಾಕಿಕೊಂಡರು.

ಇದನ್ನೆಲ್ಲ ಕೇಳಿ ನಮ್ಮ ಓಣಿ ನಂದಗೋಕುಲ ಎಂದುಕೊಳ್ಳಬೇಡಿ. ಮೈಕಿನ ವಿಷಯಕ್ಕೆ, ಪಟಾಕಿಯ ವಿಷಯಕ್ಕೆ ಮಾತು ಬಿಟ್ಟದ್ದೂ ಉಂಟು. ಬೆಂಗಳೂರಿನಲ್ಲಿ ನಮ್ಮ ಮಗನಿಗೆ ಒಬ್ಬರು ಬಾಡಿಗೆ ಮನೆ ಕೊಡಲಿಲ್ಲ. ಮುಂಗಡ ಮಾತಾಗಿ, ಕೀಲಿ ಕೈಗೆ ಬರುವ ಹೊತ್ತಿಗೆ, "ಕರಾವಳಿ ಅಂದ್ರಿ, ಮೀನು ಗೀನು ಮಾಡ್ತೀರಾ?" ಎಂಬ ಪ್ರಶ್ನೆ ಬಂತು. ಇವನು ಸುಳ್ಳು ಹೇಳದ ಮಗ. ಅವರ ಅಡುಗೆಮನೆಯ ನೇಮ ನನಗೆ ಅರ್ಥವಾಗುತ್ತದೆ. ಇಂದ್ರರ ನೆರೆಯಲ್ಲಿ ಮೂವತ್ತು ವರ್ಷ ಬಾಳಿದವಳು ನಾನು. ಆದರೆ ಇಂದ್ರರು ಒಂದು ದಿನವೂ ನಮ್ಮ ಒಲೆಯ ಕಡೆ ಮೂಗು ಹಿಡಿದು ನೋಡಿದವರಲ್ಲ. ಮೀನಕ್ಕ ಬಾಯಿ ಮುಚ್ಚುವುದು ತಾನಾಗಿ. ಅವರು ಮುಚ್ಚಿಸಿದ್ದರೆ ನಾಳೆಯೇ ಅವಳು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ನನಗೆ ಅವಳ ಗುಣ ಗೊತ್ತು.

ಆಟಿ ಅಮಾವಾಸ್ಯೆಗೆ ನಮ್ಮ ಮನೆಯ ದೇವರಿಲ್ಲದ ಮೇಷ್ಟ್ರೇ ಬೆಳಕು ಹರಿಯುವ ಮೊದಲು ಹೋಗಿ ಪಾಲೆ ಮರದ ತೊಗಟೆ ತರುತ್ತಾರೆ. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಯಾಕೆ ಎಂದರೆ "ಔಷಧಿ ಕೆಡ್ತದೆ" ಎಂದು ವಿಜ್ಞಾನ ಹೇಳುತ್ತಾರೆ. ಅದರ ಕಷಾಯ ಕಹಿ ಎಂದರೆ ಕಿವಿಯಲ್ಲೂ ಕಹಿ. ಬಾಯಮ್ಮನ ಮನೆಗೂ ಒಂದು ಲೋಟ ಹೋಗುತ್ತದೆ, ಅವರು ಶಿಲುಬೆ ಹಾಕಿಕೊಂಡು ಕುಡಿಯುತ್ತಾರೆ. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್ ಮುಗಿಸಿ ಇಗರ್ಜಿಯಿಂದ ಹೊಸ ತೆನೆ ತರುತ್ತಾರೆ. ಆ ದಿನ ಅವರಲ್ಲಿ ಮೀನು ಮಾಂಸ ಇಲ್ಲ, ತರಕಾರಿ ಪದಾರ್ಥಗಳ ಲೆಕ್ಕ ಬೆಸ ಬರಬೇಕು. ನಮ್ಮ ಬಾಗಿಲಿಗೂ ತೆನೆ ಕಟ್ಟುವುದುಂಟು. ಊರಿನಲ್ಲಿ ಉಳಿದಿರುವ ಗದ್ದೆಯೇ ನಾಲ್ಕು. ಇಬ್ಬರ ತೆನೆಯೂ ಒಂದೇ ಗದ್ದೆಯದ್ದು. ಮಿಕ್ಕವೆಲ್ಲ ಸೈಟು. ಇನ್ನು ಹತ್ತು ವರ್ಷಕ್ಕೆ ತೆನೆ ಎಲ್ಲಿಂದ ತರುವುದು ಎನ್ನುವುದು ಇಗರ್ಜಿಗೂ ದೈವಕ್ಕೂ ಕೂಡಿಯೇ ಬರುವ ಚಿಂತೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತಾನ ಬೆಳೆಯಲಿ ಎಂದು ಸರಕಾರದ ಕಾನೂನು. ಉಮ್ಮ ಅದಕ್ಕೆ ಕಡಲಿನ ನೋಂಬು ಎನ್ನುತ್ತಾರೆ. ಬಾಯಮ್ಮನ ತಪಸ್ಸಿನ ಕಾಲ 40 ದಿನ, ಉಮ್ಮನದ್ದು ಒಂದು ತಿಂಗಳು. ಕಡಲಿನದ್ದೇ ಎಲ್ಲಕ್ಕಿಂತ ಉದ್ದ. ಆ ಎರಡು ತಿಂಗಳು ಮೀನಕ್ಕನ ಬುಟ್ಟಿಯಲ್ಲಿ ಒಣಮೀನು, ಅದೂ ಸ್ವಲ್ಪ.

ಹೋದ ವಾರ ಅವಳು ಮೆಟ್ಟಿಲ ಮೇಲೆ ಕೂತು ನೀರು ಕುಡಿಯುವಾಗ ಕೇಳಿದೆ, "ಎಲ್ಲರ ಮನೆಯ ವಾರ ತಿಥಿ ಹೇಳ್ತೀಯಲ್ಲ, ನಿನ್ನ ಮನೆಯಲ್ಲಿ ಯಾವ ದಿನ ಮೀನಿಲ್ಲ?"

ಅವಳು ಲೋಟ ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಮಾರಿ ಮುಗಿದ ದಿನ ಇಲ್ಲ ಅಮ್ಮ. ಉಳಿದ ದಿನ ಉಂಟು. ಹ್ಞಾ, ಬುಟ್ಟಿಗೆ ಒಂದು ಕೈ ಕೊಡಿ."